ಕಡಿಮೆ ಬೆಲೆಯ ಮನೆ ಸ್ಪೀಕರ್‌ಗಳು

ಟಿವಿಯ ಮಾತು ತಿಳಿಯಲು ಮತ್ತು ಹಾಡು ಕೇಳಲು ಮನೆಯಲ್ಲಿ ಬಳಸುವ, ಮಧ್ಯಮ ವರ್ಗದ ಕೈಗೆಟಕುವ ಧ್ವನಿವರ್ಧಕಗಳಲ್ಲಿ ಹಲವು ಬಗೆಗಳಿವೆ. ಎರಡು ಡಬ್ಬಗಳ ಸ್ಟೀರಿಯೊ ಜೋಡಿ, ಟಿವಿಯ ಕೆಳಗೆ ಉದ್ದಕ್ಕೆ ಮಲಗುವ ಸೌಂಡ್‌ಬಾರ್, ಕೆಳಗಿನ ಸ್ವರಗಳಿಗೆಂದೇ ಇರುವ ಸಬ್‌ವೂಫರ್ ಸಮೇತ ಬರುವ 2.1 ಸೆಟ್, ಅಂಗಡಿಯವರು ಹೋಮ್ ಥಿಯೇಟರ್ ಎಂದೇ ಕರೆಯುವ 5.1 ಸೆಟ್ ಎಲ್ಲವೂ ಇದರಲ್ಲಿ ಸೇರುತ್ತವೆ. ಇವುಗಳಿಗೆ ಇಷ್ಟು ಬೇಡಿಕೆ ಬರಲು ಟಿವಿಯೇ ಕಾರಣ. ಹೊಸ ಟಿವಿಯಲ್ಲಿ ನಟನ ಹಣೆಯ ಬೆವರಹನಿಯೂ ಕಾಣುತ್ತದೆ, ಅವನು ಆಡಿದ ಮಾತು ಮಾತ್ರ ಕೇಳಿಸುವುದಿಲ್ಲ.

ಹಳೆಯ ಪಿಕ್ಚರ್ ಟ್ಯೂಬಿನ ಟಿವಿಗೆ ದೊಡ್ಡ ಹೊಟ್ಟೆಯಿತ್ತು. ಅದರೊಳಗೆ ಅಂಗೈಯಗಲದ ಸ್ಪೀಕರ್ ಕೂರಿಸಿ ಅದರ ಮುಖವನ್ನು ನೋಡುಗರ ಕಡೆಗೇ ತಿರುಗಿಸಲು ಯಾವ ಅಡ್ಡಿಯೂ ಇರಲಿಲ್ಲ. ಬಾಗಿಲು ಎಳೆದು ಮುಚ್ಚುವ ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಪ್ಪು-ಬಿಳುಪು ಟಿವಿಗಳಂತೂ ಅರ್ಧ ರೇಡಿಯೊ ಪೆಟ್ಟಿಗೆಗಳೇ. ಚಪ್ಪಟೆ ಪರದೆ ಬಂದಮೇಲೆ ಆ ಹೊಟ್ಟೆ ಕರಗಿತು, ಚಿತ್ರದ ಸುತ್ತಲ ಅಂಚು ಬೆರಳಗಲಕ್ಕಿಂತ ಕಿರಿದಾಯಿತು. ಈಗಿನ ಬಹುಪಾಲು ಟಿವಿಗಳ ಸ್ಪೀಕರ್ ನೆಲದ ಕಡೆಗೋ ಹಿಂದಿನ ಗೋಡೆಯ ಕಡೆಗೋ ಮುಖ ಮಾಡಿರುತ್ತದೆ. ಶಬ್ದ ಮೊದಲು ಶೋಕೇಸಿನ ಹಲಗೆಗೆ, ಗೋಡೆಗೆ ಬಡಿದು ಆಮೇಲೆ ಕಿವಿಗೆ ತಲುಪುತ್ತದೆ. ಮಾತಿನ ಸ್ಪಷ್ಟತೆ ನಿಂತಿರುವುದು ವ್ಯಂಜನಗಳ ಮೇಲೆ. ಸ, ಶ, ತ, ಕ ಮೊದಲಾದವನ್ನು ಒಂದರಿಂದ ಒಂದು ಬೇರ್ಪಡಿಸುವ ಗುರುತುಗಳು ಹೆಚ್ಚಾಗಿ 2,000 ಹರ್ಟ್ಸ್‌ಗಿಂತ ಮೇಲಿನ ಶಬ್ದಗಳಲ್ಲಿರುತ್ತವೆ. ಹೀಗೆ ಸುತ್ತಿ ಬಳಸಿ ಬರುವಾಗ ಮೊದಲು ಕೆಡುವುದು ಇವೇ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಇವನ್ನೇ. ಮನೆಯ ಹಿರಿಯರು ವಾಲ್ಯೂಮ್ ಏರಿಸಿದಷ್ಟೂ ಗದ್ದಲ ಏರುತ್ತದೆ, ಮಾತು ಇದ್ದಲ್ಲೇ ಇರುತ್ತದೆ.

ತಪ್ಪೆಲ್ಲ ಟಿವಿಯದ್ದೇ ಅಲ್ಲ. ಸಿನಿಮಾದ ಧ್ವನಿಯನ್ನು ಬೆರೆಸುವುದು ಚಿತ್ರಮಂದಿರಕ್ಕೆಂದು. ಪಿಸುಮಾತಿಗೂ ಅಬ್ಬರಕ್ಕೂ ಅಲ್ಲಿ ಅಂತರ ದೊಡ್ಡದು. 2022ರ ‘ಕಾಂತಾರ’ದ ಕೊನೆಯ ಭಾಗವನ್ನು ರಾತ್ರಿ ಹತ್ತರ ಮೇಲೆ ಮನೆಯಲ್ಲಿ ನೋಡುವವರು ರಿಮೋಟನ್ನು ಕೆಳಗಿಡುವ ಹಾಗಿಲ್ಲ. ಇದಕ್ಕೆ ಖರ್ಚಿಲ್ಲದ ಪರಿಹಾರವೂ ಇದೆ. ಬಹುತೇಕ ಟಿವಿಗಳ ಸೌಂಡ್ ಸೆಟ್ಟಿಂಗಿನಲ್ಲಿ ರಾತ್ರಿಯ ಮೋಡ್ ಅಥವಾ ಮಾತನ್ನು ಎತ್ತಿ ಕೊಡುವ ಮೋಡ್ ಒಂದು ಇರುತ್ತದೆ. ಅದನ್ನು ಹಾಕಿ, ಕೃತಕ ಸರೌಂಡ್ ತೆಗೆದು ಎರಡು ದಿನ ನೋಡಿದರೆ ಕೆಲವು ಮನೆಗಳಲ್ಲಿ ಹೊಸ ಸ್ಪೀಕರಿನ ಮಾತೇ ಏಳುವುದಿಲ್ಲ.

ಸ್ಪೀಕರಿನ ಕೆಲಸ ಗಾಳಿಯನ್ನು ಹಿಂದೆ ಮುಂದೆ ತಳ್ಳುವುದು. ಸದ್ದಿನ ಮಟ್ಟ ಅಷ್ಟೇ ಇರಬೇಕಾದರೆ, ಕಂಪನಾಂಕ ಅರ್ಧಕ್ಕಿಳಿದಾಗ ಗಾಳಿ ತಳ್ಳುವ ಅದರ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. 200 ಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್ ಅಲುಗುವ ಕೋನ್ 50 ಹರ್ಟ್ಸ್‌ನಲ್ಲಿ ಅದೇ ಸದ್ದು ಕೊಡಲು ಹದಿನಾರು ಮಿಲಿಮೀಟರ್ ಅಲುಗಬೇಕಾಗುತ್ತದೆ. ಎರಡಿಂಚಿನ ಕೋನಿಗೆ ಅದು ಸಾಧ್ಯವೇ ಇಲ್ಲ. ಇನ್ನೊಂದು ತೊಡಕೂ ಇದೆ. ಕೋನ್ ಮುಂದೆ ಗಾಳಿಯನ್ನು ಒತ್ತುವಾಗ ಹಿಂದೆ ಎಳೆಯುತ್ತದೆ. ಎರಡೂ ಅಲೆಗಳು ಅಂಚಿನಲ್ಲಿ ಸೇರಿ ಒಂದನ್ನೊಂದು ತಿಂದುಹಾಕಿದರೆ ಬೇಸ್, ಎಂದರೆ ಕೆಳಗಿನ ಸ್ವರ, ಇಲ್ಲವಾಗುತ್ತದೆ. ಡಬ್ಬ ಬೇಕಾಗುವುದು ಈ ಹಿಂದಿನ ಅಲೆಯನ್ನು ಕಟ್ಟಿಹಾಕಲು. ಕ್ಯಾಸೆಟ್ ಕಾಲದಲ್ಲಿ ಹಳ್ಳಿಗಳಲ್ಲಿ ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರ್ ಕವುಚಿ ಇಡುತ್ತಿದ್ದವರು ಸೂತ್ರ ಓದಿರದಿದ್ದರೂ ಮಾಡುತ್ತಿದ್ದದ್ದು ಇದನ್ನೇ.

ಈ ಎಲ್ಲ ಕಟ್ಟುಪಾಡುಗಳನ್ನು ಒಂದೇ ಮಾತಿನಲ್ಲಿ ಹಿಡಿದಿಟ್ಟವನು ಅಮೆರಿಕದ ಜೋಸೆಫ್ ಆಂಟನ್ ಹಾಫ್‌ಮನ್. ಖ್ಯಾತ ಪಿಯಾನೊ ವಾದಕ ಜೋಸೆಫ್ ಹಾಫ್‌ಮನ್‌ರ ಮಗ. ಚಿಕ್ಕ ಡಬ್ಬ, ಆಳದ ಬೇಸ್, ಕಡಿಮೆ ವಿದ್ಯುತ್ತಿಗೆ ಜೋರು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು ಎಂಬುದು ಅವನ ಹೆಸರಿನ ನಿಯಮದ ಸಾರ. ಬೆಲೆ ಎಷ್ಟೇ ಇರಲಿ, ನಿಯಮ ಬದಲಾಗುವುದಿಲ್ಲ. ಹಾಗಾಗಿ ಅಗ್ಗದ ಸ್ಪೀಕರನ್ನು ಅಳೆಯುವಾಗ ಅದು ಏನೇನು ಕೊಡುತ್ತದೆ ಎಂದು ಪಟ್ಟಿ ಮಾಡುವುದಕ್ಕಿಂತ ಏನನ್ನು ಬಿಟ್ಟುಕೊಟ್ಟಿದೆ ಎಂದು ನೋಡುವುದು ಲೇಸು. ಒಳ್ಳೆಯದು ಅತಿ ಕೆಳಗಿನ ಬೇಸನ್ನೂ ಅತಿ ಜೋರನ್ನೂ ಮೊದಲೇ ಕೈಬಿಟ್ಟು ನಡುವಿನದನ್ನು ಶುದ್ಧವಾಗಿ ಉಳಿಸಿಕೊಂಡಿರುತ್ತದೆ. ಕೆಟ್ಟದು ಯಾವುದನ್ನೂ ಬಿಡಲಾರದೆ ಎಲ್ಲವನ್ನೂ ಕೆಡಿಸಿರುತ್ತದೆ.

ಇಂದಿನ ಬಹುಪಾಲು ಸ್ಪೀಕರ್‌ಗಳ ಮಾದರಿ 1925ರದ್ದು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಆಯಸ್ಕಾಂತದ ನಡುವೆ ಚಲಿಸುವ ಸುರುಳಿಗೆ ಕಾಗದದ ಕೋನ್ ಅಂಟಿಸಿದ ಧ್ವನಿವರ್ಧಕವನ್ನು ಆ ವರ್ಷ ವಿವರಿಸಿದರು. ಮೂಲ ರಚನೆ ಇವತ್ತಿಗೂ ಅದೇ. ಆದರೆ ಮುಂದಿನ ಸುಮಾರು ಮೂವತ್ತು ವರ್ಷ, ಆಳದ ಬೇಸ್ ಬೇಕೆಂದವರು ಬೀರುವಿನಷ್ಟು ದೊಡ್ಡ ಪೆಟ್ಟಿಗೆಗೆ ಮನೆಯಲ್ಲಿ ಜಾಗ ಮಾಡಬೇಕಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಇದನ್ನು ಬದಲಿಸಿದ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿಯ ಪಾಠ ಹೇಳುತ್ತಿದ್ದ ಅವನು, ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಡಬ್ಬದಲ್ಲಿ ಸಡಿಲವಾಗಿ ತೂಗುವ ಕೋನ್ ಇಟ್ಟು, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡ. ತರಗತಿಗೆ ಬರುತ್ತಿದ್ದ ಹೆನ್ರಿ ಕ್ಲಾಸ್ ಜೊತೆಗೂಡಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿದ. ಅದರ ಎಆರ್-1 ಪುಸ್ತಕದ ಕಪಾಟಿನಲ್ಲಿ ಕೂರುವಷ್ಟಿತ್ತು. ಅದು ಬಿಟ್ಟುಕೊಟ್ಟದ್ದು ಹಾಫ್‌ಮನ್ ಪಟ್ಟಿಯ ಮೂರನೆಯದನ್ನು. ಅಂದರೆ ಆಂಪ್ಲಿಫಯರ್ ಹೆಚ್ಚು ದುಡಿಯಬೇಕಿತ್ತು.

ಅಗ್ಗದ ಸ್ಪೀಕರಿನ ಚರಿತ್ರೆಯಲ್ಲಿ ಕ್ಲಾಸ್‌ನದೇ ದೊಡ್ಡ ಹೆಸರು. ಅವನು 1957ರಲ್ಲಿ ಇನ್ನಿಬ್ಬರೊಡನೆ ಕೆಎಲ್‌ಎಚ್ ಆರಂಭಿಸಿದ. ಹೆಸರಿನ ಕೊನೆಯ ಅಕ್ಷರ ಇದೇ ಹಾಫ್‌ಮನ್‌ನದು. ಆಮೇಲೆ 1967ರಲ್ಲಿ ಅಡ್ವೆಂಟ್ ಕಂಪನಿ ತೆರೆದು, ದುಬಾರಿ ಸ್ಪೀಕರ್‌ಗಳಷ್ಟೇ ಆಳದ ಬೇಸನ್ನು ಅವುಗಳ ಅರ್ಧದಷ್ಟು ಬೆಲೆಗೆ ಕೊಡುವ ಗುರಿ ಇಟ್ಟುಕೊಂಡ. ಉಳಿತಾಯ ಮಾಡಿದ್ದು ಮರದ ಮೆರುಗಿನಲ್ಲಿ, ಡಬ್ಬದೊಳಗಿನ ಸ್ಪೀಕರ್‌ಗಳ ಸಂಖ್ಯೆಯಲ್ಲಿ. ಮೂರು ನಾಲ್ಕು ಸ್ಪೀಕರ್‌ಗಳ ಬದಲು ಎರಡೇ, ಆದರೆ ಎರಡೂ ಗಟ್ಟಿ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಪ್ರಕಟಿಸಿದ ಲೆಕ್ಕಗಳಿಂದ ಡಬ್ಬದ ಅಳತೆಯನ್ನೂ, ಬೇಸ್ ಹೆಚ್ಚಿಸಲು ಅದಕ್ಕೆ ಇಡುವ ರಂಧ್ರದ ಉದ್ದವನ್ನೂ ಕಾಗದದ ಮೇಲೆಯೇ ನಿಗದಿ ಮಾಡುವಂತಾಯಿತು. ಅಲ್ಲಿಯವರೆಗೆ ಕೇಳಿ ಕೇಳಿ ತಿದ್ದುವ ಕಸುಬಾಗಿದ್ದದ್ದು ಗಣಿತವಾಯಿತು. ಇವತ್ತು ಕಡಿಮೆ ಬೆಲೆಯ ಜೋಡಿಯೊಂದು ಕಿವಿಗೆ ಹಿತವಾಗಿದ್ದರೆ ಈ ಲೆಕ್ಕದ ಪಾಲು ಅದರಲ್ಲಿದೆ.

ಬಿಟ್ಟುಕೊಡುವ ಕಲೆಗೆ ಎಲ್ಲಕ್ಕಿಂತ ಸೊಗಸಾದ ಉದಾಹರಣೆ ಬಿಬಿಸಿಯ ಎಲ್‌ಎಸ್3/5ಎ. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಜಾಗ ಕಡಿಮೆ, ಆದರೆ ಉದ್ಘೋಷಕರ ದನಿ ಸರಿಯಾಗಿದೆಯೇ ಎಂದು ಅಲ್ಲೇ ಕೂತು ತೀರ್ಮಾನಿಸಬೇಕು. ಅದಕ್ಕೆಂದು 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಸುಮಾರು ಒಂದಡಿ ಎತ್ತರದ ಈ ಡಬ್ಬ ರೂಪಿಸಿದರು. ಇದರಲ್ಲಿ ಆಳದ ಬೇಸ್ ಇಲ್ಲ, ಜೋರಾಗಿ ಹಾಡುವ ಶಕ್ತಿಯೂ ಇಲ್ಲ. ಮನುಷ್ಯನ ದನಿಯನ್ನು ಮಾತ್ರ ಇದ್ದಹಾಗೆ ಕೊಡುತ್ತದೆ. ಇದು ಅಗ್ಗದ ವಸ್ತುವಾಗಿರಲಿಲ್ಲ. ಆದರೆ ಇದರ ತತ್ವವನ್ನು ಅಗ್ಗದ ತಯಾರಕರೂ ಕಲಿತರು. ಕೆಇಎಫ್‌ನಂಥ ಕಂಪನಿಗಳಲ್ಲಿ ದುಡಿದು, ಲಕ್ಷಾಂತರ ರೂಪಾಯಿಯ ಸ್ಪೀಕರ್‌ಗಳನ್ನು ರೂಪಿಸಿದ ಆಂಡ್ರ್ಯೂ ಜೋನ್ಸ್ 2012ರ ಸುಮಾರಿಗೆ ಪಯೊನಿಯರ್ ಕಂಪನಿಗೆ ಜೋಡಿಗೆ 130 ಡಾಲರ್ ಆಸುಪಾಸಿನ ಸ್ಪೀಕರ್ ಮಾಡಿಕೊಟ್ಟ. ಕೆಳಗಿನ ಸ್ವರಗಳಿಗೆ ನಾಲ್ಕಿಂಚಿನ ವೂಫರ್, ಮೇಲಿನವಕ್ಕೆ ಬಟ್ಟೆಯ ಗುಮ್ಮಟದ ಟ್ವೀಟರ್, ಪಕ್ಕ ಬಾಗಿಸಿದ ಡಬ್ಬ, ಇಷ್ಟೇ. ವಿಮರ್ಶಕರು ಅದನ್ನು ಅದಕ್ಕಿಂತ ಎಷ್ಟೋ ದುಬಾರಿಯವುಗಳ ಪಕ್ಕದಲ್ಲಿಟ್ಟು ಬರೆದರು.

ಭಾರತದಲ್ಲಿ ಈ ಕಥೆ ಬೇರೆ ದಾರಿಯಲ್ಲಿ ಸಾಗಿತು. 1970ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಸೊನೊಡೈನ್‌ನಂಥ ಕಂಪನಿಗಳಿದ್ದರೂ, ರೇಡಿಯೊ-ಕ್ಯಾಸೆಟ್ ಸೇರಿದ ಟೂ-ಇನ್-ಒನ್ ದಾಟಿ ಮೇಲೇರಬೇಕೆಂಬ ಬಹಳ ಜನಕ್ಕೆ ದಾರಿಯಾದದ್ದು ಅಸೆಂಬಲ್ ಮಾಡಿದ ಸೆಟ್ಟು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು, ಪರಿಚಯದ ಮೆಕ್ಯಾನಿಕ್ ಕೈಯಲ್ಲಿ ಬೆಸುಗೆ ಹಾಕಿಸಿ, ಬಡಗಿಯಿಂದ ಪ್ಲೈವುಡ್ ಡಬ್ಬ ಮಾಡಿಸುತ್ತಿದ್ದರು. ಸಾನ್ಯೊ ಕಂಪನಿಯ ಎಲ್‌ಎ4440 ಎಂಬ ಐಸಿ ಇಂಥ ಸಾವಿರಾರು ಸೆಟ್ಟುಗಳ ಹೃದಯವಾಗಿತ್ತು. ಅದು ಕೊಡುತ್ತಿದ್ದದ್ದು ಎರಡು ಕಡೆಗೆ ಆರಾರು ವ್ಯಾಟ್. ಅಷ್ಟರಲ್ಲೇ ಇಡೀ ಬೀದಿಗೆ ರಾಜ್‌ಕುಮಾರ್ ಹಾಡು ಕೇಳಿಸುತ್ತಿತ್ತು.

ಆ ಆರು ವ್ಯಾಟನ್ನು ನೆನಪಿಟ್ಟುಕೊಂಡು ಇವತ್ತಿನ ರಟ್ಟಿನ ಪೆಟ್ಟಿಗೆಗಳನ್ನು ಓದಬೇಕು. ಸಾವಿರಾರು ವ್ಯಾಟ್ ಪಿಎಂಪಿಒ ಎಂದು ಬರೆದಿರುವ ಸೆಟ್ಟಿನ ಹಿಂಬದಿಯ ಚೀಟಿಯಲ್ಲೋ ಅಡಾಪ್ಟರಿನ ಮೇಲೋ 12 ವೋಲ್ಟ್, 3 ಆಂಪಿಯರ್ ಎಂದಿದ್ದರೆ ಒಳಗೆ ಹೋಗುತ್ತಿರುವುದೇ 36 ವ್ಯಾಟ್. ನಿರಂತರವಾಗಿ ಅದಕ್ಕಿಂತ ಹೆಚ್ಚು ಹೊರಗೆ ಬರುವ ದಾರಿಯಿಲ್ಲ. ಪಿಎಂಪಿಒಗೆ ಒಪ್ಪಿತವಾದ ಅಳತೆಯ ಕ್ರಮವೇ ಇಲ್ಲ. ಇಂಥ ಉತ್ಪ್ರೇಕ್ಷೆಗೆ ಮೂಗುದಾರ ಹಾಕಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫಯರ್ ನಿಯಮ ತಂದಿತ್ತು. ಭಾರತದ ಗ್ರಾಹಕ ನಿರಂತರ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿಯನ್ನು ಮಾತ್ರ ಓದಿ ಉಳಿದದ್ದನ್ನು ಜಾಹೀರಾತು ಎಂದುಕೊಂಡರೆ ಸಾಕು.

ಹಾಗಾದರೆ ಎಷ್ಟು ವ್ಯಾಟ್ ಬೇಕು? ಸಾಧಾರಣ ಪುಸ್ತಕ-ಕಪಾಟಿನ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬಲ್ ಆಸುಪಾಸು ಸದ್ದು ಕೊಡುತ್ತದೆ. ಮೂರು ಮೀಟರ್ ದೂರದ ಸೋಫಾದಲ್ಲಿ ಎರಡೂ ಸ್ಪೀಕರ್ ಸೇರಿ ಅದು ಸುಮಾರು 80 ಡೆಸಿಬಲ್ ಎಂದಿಟ್ಟುಕೊಳ್ಳಬಹುದು. ಮನೆಯಲ್ಲಿ ಟಿವಿ ನೋಡುವ ಸರಾಸರಿ ಮಟ್ಟ 65 ಡೆಸಿಬಲ್ ಎಂದುಕೊಂಡರೆ ಅದಕ್ಕೆ ಸಾಕಾಗುವುದು ಒಂದು ವ್ಯಾಟಿನ ಮೂವತ್ತರ ಒಂದಂಶ. ನಡುವೆ ಬರುವ ಸ್ಫೋಟಕ್ಕೋ ತಬಲದ ಪೆಟ್ಟಿಗೋ ಅದಕ್ಕಿಂತ 20 ಡೆಸಿಬಲ್ ಹೆಚ್ಚು, ಎಂದರೆ ನೂರು ಪಟ್ಟು ಶಕ್ತಿ ಬೇಕು. ಆಗಲೂ ಅದು ಮೂರು ವ್ಯಾಟ್ ಚಿಲ್ಲರೆ. ಇನ್ನೂ ಹತ್ತು ಡೆಸಿಬಲ್ ಏರಿಸಿ ಪಕ್ಕದ ಮನೆಯವರ ತಾಳ್ಮೆ ಪರೀಕ್ಷಿಸುವವರಿಗೆ ಮೂವತ್ತು ವ್ಯಾಟ್. ಶಕ್ತಿ ಎರಡು ಪಟ್ಟಾದರೂ ಹೆಚ್ಚುವುದು ಮೂರೇ ಡೆಸಿಬಲ್. ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಬೇಕಾದರೆ ಸುಮಾರು ಹತ್ತು ಡೆಸಿಬಲ್ ಏರಬೇಕು, ಅಂದರೆ ಶಕ್ತಿ ಹತ್ತು ಪಟ್ಟಾಗಬೇಕು. 40 ವ್ಯಾಟ್ ಬಿಟ್ಟು 80 ವ್ಯಾಟಿನದಕ್ಕೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಅಂಗಡಿಯಲ್ಲಿ ಕಣ್ಣು ಕಿವಿಗೆ ಮೋಸ ಮಾಡುತ್ತದೆ ಎಂಬುದಕ್ಕೆ ವಿಜ್ಞಾನದ ಸಾಕ್ಷ್ಯವಿದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಹಲವು ವರ್ಷ ಪರದೆಯ ಹಿಂದೆ ಸ್ಪೀಕರ್ ಇಟ್ಟು ಜನರಿಂದ ಅಂಕ ಹಾಕಿಸಿದ. ಯಾವುದು ಹಾಡುತ್ತಿದೆ ಎಂದು ತಿಳಿಯದಿದ್ದಾಗ ಬೇರೆ ಬೇರೆ ಅಭಿರುಚಿಯವರೂ ಆಶ್ಚರ್ಯವಾಗುವಷ್ಟು ಒಮ್ಮತಕ್ಕೆ ಬರುತ್ತಿದ್ದರು. ಅವರು ಮೆಚ್ಚಿದ್ದು ಯಾವ ಸ್ವರವನ್ನೂ ಎತ್ತದೆ ಯಾವುದನ್ನೂ ತಗ್ಗಿಸದೆ ಸಮನಾಗಿ ಕೊಡುವ, ಪಕ್ಕದಿಂದ ಕೇಳಿದಾಗಲೂ ಅದೇ ಬಣ್ಣ ಉಳಿಸಿಕೊಳ್ಳುವ ಸ್ಪೀಕರ್‌ಗಳನ್ನು. ಮುಂದೆ ಅಮೆರಿಕದ ಹಾರ್ಮನ್ ಕಂಪನಿ ಸೇರಿದ ಟೂಲ್, ಶಾನ್ ಆಲಿವ್ ಜೊತೆಗೂಡಿ 1994ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದ. ಕೇಳುಗರು ಕಂಪನಿಯ ನೌಕರರೇ. ಒಮ್ಮೆ ಪರದೆ ಹಾಕಿ, ಒಮ್ಮೆ ತೆಗೆದು ಅಂಕ ಹಾಕಿಸಲಾಯಿತು. ಪರದೆಯ ಹಿಂದೆ ದೊಡ್ಡವುಗಳಿಗೆ ಸರಿಸಾಟಿಯಾಗಿ ನಿಂತಿದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬದ ಅಗ್ಗದ ಸೆಟ್ಟು, ಪರದೆ ತೆಗೆದ ಕೂಡಲೇ ಅಂಕ ಕಳೆದುಕೊಂಡಿತು. ದೊಡ್ಡ ಚೆಂದದ ಪೆಟ್ಟಿಗೆಗಳು ಮೇಲೇರಿದವು.

ಇನ್ನೊಂದು ಮೋಸ ವಾಲ್ಯೂಮಿನದು. ಎರಡು ಸ್ಪೀಕರ್‌ಗಳಲ್ಲಿ ಒಂದು ಎಳ್ಳಷ್ಟು ಜೋರಾಗಿದ್ದರೂ ಅದೇ ಚೆನ್ನಾಗಿದೆ ಎನಿಸುತ್ತದೆ. ಹೋಲಿಸುವಾಗ ಎರಡರ ಸದ್ದನ್ನೂ ಸಮಕ್ಕೆ ತರದಿದ್ದರೆ ಹೋಲಿಕೆ ವ್ಯರ್ಥ. ಮೊಬೈಲಿನ ಡೆಸಿಬಲ್ ಆ್ಯಪ್ ಇಷ್ಟರ ಮಟ್ಟಿಗೆ ನಂಬಬಹುದಾದದ್ದು. ಮೆಲ್ಲಗೆ ಕೇಳುವಾಗ ಬೇಸ್ ಕರಗಿದಂತೆ ತೋರುವುದು ಸ್ಪೀಕರಿನ ತಪ್ಪಲ್ಲ. ಸದ್ದು ತಗ್ಗಿದಷ್ಟೂ ಕಿವಿ ಕೆಳಗಿನ ಸ್ವರಗಳಿಗೆ ಮಂದವಾಗುತ್ತದೆ ಎಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಹಳೆಯ ಆಂಪ್ಲಿಫಯರುಗಳಲ್ಲಿದ್ದ ಲೌಡ್‌ನೆಸ್ ಗುಂಡಿ ಇದನ್ನು ಸರಿದೂಗಿಸಲೆಂದೇ ಇತ್ತು.

ಮಾರುಕಟ್ಟೆಯ ಬಗೆಗಳಲ್ಲಿ ಸೌಂಡ್‌ಬಾರ್ ಈಗ ಮುಂಚೂಣಿಯಲ್ಲಿದೆ. ಒಂದೇ ಕೋಲು, ಒಂದೇ ವೈರು, ಮಕ್ಕಳು ಬೀಳಿಸುವ ಭಯವಿಲ್ಲ. ಶಬ್ದ ನೇರ ಮುಂದಕ್ಕೆ ಬರುವುದರಿಂದ ಮಾತಿನ ತೊಂದರೆ ಅಂದೇ ತೀರುತ್ತದೆ. ವಾರ್ತೆ, ಧಾರಾವಾಹಿ, ಕ್ರಿಕೆಟ್ಟಿಗೆ ಇಷ್ಟು ಸಾಕೆನ್ನುವ ಮನೆಗೆ ಬೇರೆಯದನ್ನು ಹುಡುಕುವ ಅಗತ್ಯವಿಲ್ಲ. ಅದರ ಸೋಲು ಹಾಡಿನಲ್ಲಿ. ಎರಡೂ ಬದಿಯ ಸ್ಪೀಕರ್‌ಗಳ ನಡುವೆ ಮೂರಡಿಯೂ ಇರದಿದ್ದರೆ ವೀಣೆ ಒಂದು ಕಡೆ, ಮೃದಂಗ ಇನ್ನೊಂದು ಕಡೆ ಎಂಬ ವಿಸ್ತಾರ ಹುಟ್ಟುವುದಿಲ್ಲ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೊ ಪೇಟೆಂಟಿಗೆ ಅರ್ಜಿ ಹಾಕಿದ್ದರ ಹಿಂದೆ, ಸಿನಿಮಾದಲ್ಲಿ ನಟ ಪರದೆಯ ಈ ಬದಿಯಿಂದ ಆ ಬದಿಗೆ ನಡೆದರೂ ದನಿ ನಿಂತಲ್ಲೇ ಇರುತ್ತದಲ್ಲ ಎಂಬ ಕಿರಿಕಿರಿಯಿತ್ತು. ಟಿವಿಯ ಅಕ್ಕಪಕ್ಕ ನಿಲ್ಲುವ ಎರಡು ಡಬ್ಬಗಳು ಆ ಕಿರಿಕಿರಿಗೆ ಇವತ್ತಿಗೂ ಸರಳ ಉತ್ತರ. ಎರಡರಿಂದಲೂ ಸಮನಾಗಿ ಬಂದ ಮಾತು ನಡುವಿನ ಪರದೆಯಿಂದಲೇ ಬಂದಂತೆ ಕೇಳುತ್ತದೆ.

ಪುಟ್ಟ ಪುಟ್ಟ ಡಬ್ಬಗಳ ಜೊತೆ ಒಂದು ಬೇಸ್ ಪೆಟ್ಟಿಗೆ ಎಂಬ ರೂಪವನ್ನು ಮನೆಮಾತಾಗಿಸಿದ್ದು ಬೋಸ್ ಕಂಪನಿ, 1987ರ ಅಕೌಸ್ಟಿಮಾಸ್ ಮೂಲಕ. ಸ್ಥಾಪಕ ಅಮರ್ ಬೋಸ್, ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರ ನೋನಿ ಗೋಪಾಲ್ ಬೋಸ್‌ರ ಮಗ. ಆ ರೂಪವನ್ನು ಅಗ್ಗದ 2.1, 5.1 ಸೆಟ್ಟುಗಳೆಲ್ಲ ನಕಲು ಮಾಡಿದವು. ಎರಡಿಂಚಿನ ಡಬ್ಬ 200 ಹರ್ಟ್ಸ್‌ಗಿಂತ ಕೆಳಗೆ ಸೋಲುತ್ತದೆ. ಗಂಡಸಿನ ದನಿಯ ಮೂಲಸ್ವರ ಸಾಮಾನ್ಯವಾಗಿ 85ರಿಂದ 155 ಹರ್ಟ್ಸ್ ನಡುವಿನದು. ಹೀಗಾಗಿ ಮಾತಿನ ಬುಡ ಸಬ್‌ವೂಫರಿನ ಪಾಲಾಗಿ, ಪರದೆಯ ಮೇಲೆ ಮಾತಾಡುವ ಮನುಷ್ಯನ ಎದೆ ಸೋಫಾದ ಮೂಲೆಯಿಂದ ಗುಂಯ್ ಎನ್ನುತ್ತದೆ. ಚಿತ್ರಮಂದಿರದ ಗುಣಮಟ್ಟ ನಿಗದಿ ಮಾಡುವ ಟಿಎಚ್‌ಎಕ್ಸ್, ಸಬ್‌ವೂಫರಿನ ಸರಹದ್ದನ್ನು 80 ಹರ್ಟ್ಸ್‌ಗೆ ಹಾಕಿರುವುದು ಸುಮ್ಮನೆ ಅಲ್ಲ. ಅದರ ಕೆಳಗಿನ ಸದ್ದು ಎತ್ತಲಿಂದ ಬಂತೆಂದು ಕಿವಿ ಗುರುತಿಸಲಾರದು. ಹತ್ತು ಸಾವಿರ ರೂಪಾಯಿಯನ್ನು ಐದು ಡಬ್ಬ, ಒಂದು ಸಬ್‌ವೂಫರಿಗೆ ಹಂಚಿದರೆ ಒಂದೊಂದರ ಪಾಲಿಗೂ ಬರುವುದು ಪುಡಿಗಾಸು. ಹಿಂದಿನ ಸ್ಪೀಕರುಗಳ ವೈರು ಬಾಗಿಲಿಗೆ ಅಡ್ಡವಾಗಿ, ಕೊನೆಗೆ ಅವೂ ಟಿವಿಯ ಪಕ್ಕದಲ್ಲೇ ಸಾಲಾಗಿ ನಿಲ್ಲುವ ಮನೆಗಳೇ ಹೆಚ್ಚು.

ಅದೇ ಹತ್ತು ಸಾವಿರದ ಆಚೀಚೆಗೆ ಆಂಪ್ಲಿಫಯರ್ ಒಳಗೇ ಇರುವ ಸ್ಟೀರಿಯೊ ಜೋಡಿ ಸಿಗುತ್ತದೆ. ಚೀನಾದ ಎಡಿಫೈಯರ್ ಕಂಪನಿಯ ಆರ್1280 ಸರಣಿ ಈ ಬಗೆಗೆ ಮಾದರಿ: ನಾಲ್ಕಿಂಚಿನ ವೂಫರ್, 13 ಮಿಲಿಮೀಟರ್ ಟ್ವೀಟರ್, ಎರಡೂ ಸೇರಿ 42 ವ್ಯಾಟ್ ಆರ್‌ಎಂಎಸ್. ಅದರ ಡಿಬಿ ಎಂಬ ಮಾದರಿಗೆ ಬ್ಲೂಟೂತೂ ಆಪ್ಟಿಕಲ್ ಕಿಂಡಿಯೂ ಇವೆ, ಟಿ ಎಂಬುದಕ್ಕೆ ಇಲ್ಲ. ಕೊಳ್ಳುವಾಗ ಈ ಒಂದಕ್ಷರದ ವ್ಯತ್ಯಾಸ ನೋಡಿಕೊಳ್ಳಬೇಕು. ಟಿವಿಯೂ ಬೇಕು, ಹಾಡೂ ಬೇಕು, ಹಣ ಮಾತ್ರ ಮಿತ ಎನ್ನುವವರಿಗೆ ಈ ವರ್ಗವೇ ಮೊದಲ ಆಯ್ಕೆ ಎನ್ನಲು ಹಿಂಜರಿಯಬೇಕಿಲ್ಲ. ಒಳಗೆ ಆಂಪ್ಲಿಫಯರ್ ಇಲ್ಲದ ಜೋಡಿಗೆ ಪ್ರತ್ಯೇಕ ಕ್ಲಾಸ್-ಡಿ ಆಂಪ್ಲಿಫಯರ್ ಸೇರಿಸುವುದು ಇನ್ನೊಂದು ದಾರಿ. ಆರಂಭದ ಖರ್ಚು ತುಸು ಹೆಚ್ಚು, ಆದರೆ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ.

ಕೊಂಡು ತಂದಮೇಲೆ ಮೊದಲ ಜಗಳ ವೈರಿನದು. ಟಿವಿಯಲ್ಲಿ ಎಚ್‌ಡಿಎಂಐ ಎಆರ್‌ಸಿ ಎಂದು ಬರೆದ ಕಿಂಡಿಯಿದ್ದು ಸ್ಪೀಕರಿನಲ್ಲೂ ಅದಿದ್ದರೆ ಟಿವಿಯ ರಿಮೋಟೇ ಎರಡಕ್ಕೂ ಸಾಕು. 2009ರ ಎಚ್‌ಡಿಎಂಐ 1.4ರಿಂದ ಈ ಸೌಲಭ್ಯವಿದೆ. ಆಪ್ಟಿಕಲ್ ವೈರಿನಲ್ಲಿ ಸಾಮಾನ್ಯವಾಗಿ ಟಿವಿಯ ವಾಲ್ಯೂಮ್ ಕೆಲಸ ಮಾಡುವುದಿಲ್ಲ, ಸ್ಪೀಕರಿನ ರಿಮೋಟ್ ಬೇರೆಯಾಗಿ ಹಿಡಿಯಬೇಕು. ಆಪ್ಟಿಕಲ್ ಹಾಕಿದರೆ ಸದ್ದೇ ಬರುತ್ತಿಲ್ಲ ಎಂದು ಸ್ಪೀಕರ್ ವಾಪಸು ಮಾಡುವವರುಂಟು. ಅಂಥ ಕಡೆ ಟಿವಿಯ ಡಿಜಿಟಲ್ ಔಟ್‌ಪುಟ್ ಡಾಲ್ಬಿಯಲ್ಲಿರುತ್ತದೆ. ಅದನ್ನು ಪಿಸಿಎಂಗೆ ಬದಲಿಸಿದರೆ ದನಿ ಹೊರಡುತ್ತದೆ. ಬ್ಲೂಟೂತ್ ಹಾಡಿಗೆ ಸರಿ, ಚಿತ್ರಕ್ಕೆ ಕಷ್ಟ. ಸಾಮಾನ್ಯ ಬ್ಲೂಟೂತಿನಲ್ಲಿ ಸದ್ದು ಸೆಕೆಂಡಿನ ಆರರಲ್ಲಿ ಒಂದಂಶದಷ್ಟೋ ಅದಕ್ಕಿಂತ ಹೆಚ್ಚೋ ತಡವಾಗುತ್ತದೆ. ತುಟಿಗಿಂತ ದನಿ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ದನಿ ತುಟಿಗಿಂತ ಮುಂದಾದರೆ 45 ಮಿಲಿಸೆಕೆಂಡಿಗೇ ಗೊತ್ತಾಗುತ್ತದೆ. ನಿಸರ್ಗದಲ್ಲಿ ಮಿಂಚು ಮೊದಲು, ಗುಡುಗು ಆಮೇಲೆ. ಕಿವಿ ಆ ಕ್ರಮಕ್ಕೆ ಒಗ್ಗಿದೆ.

ಸ್ಪೀಕರಿನ ವೈರಿಗೆಂದು ಹೆಚ್ಚು ದುಡ್ಡು ಸುರಿಯುವುದು ದಂಡ. ಮನೆಯ ವೈರಿಂಗಿಗೆ ಬಳಸುವ ಒಂದು ಚದರ ಮಿಲಿಮೀಟರಿನ ತಾಮ್ರದ ವೈರು, ಐದು ಮೀಟರ್ ದೂರಕ್ಕೆ ಹೋಗಿ ಬರುವಷ್ಟರಲ್ಲಿ ಒಡ್ಡುವ ತಡೆ 0.17 ಓಮ್. ಎಂಟು ಓಮಿನ ಸ್ಪೀಕರಿಗೆ ಅದು ನೂರಕ್ಕೆ ಎರಡು ಪಾಲು ಮಾತ್ರ.

ಕೇಳುವ ಸದ್ದಿನಲ್ಲಿ ಕೋಣೆಯ ಪಾಲು ಬಹಳಷ್ಟು ಜನ ತಿಳಿದಿರುವುದಕ್ಕಿಂತ ದೊಡ್ಡದು. ಕರ್ನಾಟಕದ ಊರು ಪಟ್ಟಣಗಳ ಹಾಲ್ ಎಂದರೆ ಇಟ್ಟಿಗೆಯ ಗೋಡೆ, ಕಾಂಕ್ರೀಟಿನ ತಾರಸಿ, ಟೈಲ್ಸ್ ಅಥವಾ ಗ್ರಾನೈಟ್ ನೆಲ. ಅಮೆರಿಕದ ಮನೆಗಳ ಜಿಪ್ಸಂ ಹಲಗೆಯ ಗೋಡೆ ಕೆಳಗಿನ ಸ್ವರಗಳನ್ನು ಒಂದಿಷ್ಟು ಹೀರುತ್ತದೆ, ಹೊರಕ್ಕೂ ಬಿಡುತ್ತದೆ. ಇಲ್ಲಿನ ಗೋಡೆ ಹಾಗೆಯೇ ಹಿಂದಕ್ಕೆ ಎಸೆಯುತ್ತದೆ. ಅಲ್ಲಿನ ವಿಮರ್ಶಕರು ಬೇಸ್ ಕಡಿಮೆ ಎಂದು ದೂರಿದ ಸ್ಪೀಕರ್ ಇಲ್ಲಿನ ಚಿಕ್ಕ ಹಾಲಿನಲ್ಲಿ ತುಂಬಿಕೊಂಡು ಕೇಳುವುದುಂಟು. ಹನ್ನೆರಡಡಿ ಉದ್ದದ ಗೋಡೆಗಳ ನಡುವೆ 47 ಹರ್ಟ್ಸ್ ಆಸುಪಾಸಿನ ಸ್ವರ ನಿಂತ ಅಲೆಯಾಗಿ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ. ಹನ್ನೆರಡು ಬೈ ಹನ್ನೆರಡರ ಚೌಕಕೋಣೆಯಲ್ಲಿ ಎರಡೂ ದಿಕ್ಕಿನ ಅಲೆಗಳು ಒಂದೇ ಸ್ವರಕ್ಕೆ ಬೀಳುವುದರಿಂದ ತೊಂದರೆ ದುಪ್ಪಟ್ಟು. ಸಬ್‌ವೂಫರ್ ಇರುವವರಿಗೆ ಧ್ವನಿತಜ್ಞರು ಒಂದು ತಮಾಷೆಯ ಉಪಾಯ ಹೇಳುತ್ತಾರೆ. ಅದನ್ನು ತಾವು ಕೂರುವ ಸೋಫಾದ ಮೇಲಿಟ್ಟು, ಬೇಸ್ ಇರುವ ಹಾಡು ಹಾಕಿ, ಗೋಡೆಯ ಗುಂಟ ಅಂಬೆಗಾಲಿಟ್ಟು ಹೋಗಬೇಕು. ಎಲ್ಲಿ ಸದ್ದು ಹದವಾಗಿ ಕೇಳುತ್ತದೆಯೋ ಸಬ್‌ವೂಫರಿನ ಜಾಗ ಅದು. ಮನೆಯವರು ನಗುವುದನ್ನು ಸಹಿಸಿಕೊಂಡರೆ ಇದಕ್ಕಿಂತ ಅಗ್ಗದ ಉಪಕರಣ ಬೇರೆಯಿಲ್ಲ.

ನವಲಗುಂದದ ಜಮಖಾನೆ ಹಾಸಿದರೆ ಪ್ರತಿಧ್ವನಿ ಹೋಗುತ್ತದೆಯೇ? ಮೇಲಿನ ಸ್ವರಗಳ ಮಟ್ಟಿಗೆ ಸ್ವಲ್ಪ. ತೆಳುವಾದ ಹತ್ತಿ ಬಟ್ಟೆ ಬೇಸನ್ನು ಮುಟ್ಟುವುದೇ ಇಲ್ಲ. ಮೆತ್ತನೆಯ ದಪ್ಪ ಸೋಫಾ, ಮಡಿಕೆ ಮಡಿಕೆಯಾಗಿ ಇಳಿಬಿದ್ದ ಪರದೆ, ಪುಸ್ತಕ ತುಂಬಿದ ಕಪಾಟು ಹೆಚ್ಚು ಕೆಲಸ ಮಾಡುತ್ತವೆ. ಸ್ಪೀಕರನ್ನು ಶೋಕೇಸಿನ ಗೂಡಿನೊಳಗೆ ತಳ್ಳುವುದು ಕನ್ನಡ ಮನೆಗಳ ಸಾಮಾನ್ಯ ರೂಢಿ. ಆ ಗೂಡೇ ಇನ್ನೊಂದು ಡಬ್ಬವಾಗಿ ಗುಂಯ್‌ಗುಡುತ್ತದೆ. ಬೇರೆ ಜಾಗವಿಲ್ಲದಿದ್ದರೆ ಹಲಗೆಯ ಮುಂದಿನ ಅಂಚಿಗೆ ತರಬೇಕು, ಡಬ್ಬದ ರಂಧ್ರ ಹಿಂಬದಿಗಿದ್ದರೆ ಅದಕ್ಕೆ ಸ್ಪಂಜನ್ನೋ ಹಳೆಯ ಕಾಲುಚೀಲವನ್ನೋ ತುರುಕಬಹುದು. ಟ್ವೀಟರ್ ಕೂತವರ ಕಿವಿಯ ಎತ್ತರಕ್ಕಿರಬೇಕು. ಎರಡು ಸ್ಪೀಕರ್‌ಗಳ ನಡುವಿನ ದೂರ, ಅವುಗಳಿಂದ ಸೋಫಾಕ್ಕಿರುವ ದೂರದಷ್ಟೇ ಇದ್ದರೆ ಉತ್ತಮ, ಮುಕ್ಕಾಲು ಇದ್ದರೂ ನಡೆಯುತ್ತದೆ.

ಪರೀಕ್ಷೆಗೆ ಅಂಗಡಿಯ ಡೆಮೊ ಹಾಡುಗಳನ್ನು ನಂಬಬಾರದು. ಅವನ್ನು ಆರಿಸಿರುವುದೇ ಸ್ಪೀಕರಿನ ಕೊರತೆ ಮುಚ್ಚಲು. ಚೆನ್ನಾಗಿ ಪರಿಚಯವಿರುವ ದನಿಯೇ ಒಳ್ಳೆಯ ಒರೆಗಲ್ಲು. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೆಳಗಿನ ಸ್ವರಗಳನ್ನು ಉಬ್ಬಿಸುವ ಸ್ಪೀಕರಿನಲ್ಲಿ ಅದು ಮಡಕೆಯೊಳಗಿಂದ ಬಂದಂತಾಗುತ್ತದೆ, ಮೇಲನ್ನು ಉಬ್ಬಿಸುವುದರಲ್ಲಿ ಭಾರವನ್ನೇ ಕಳೆದುಕೊಳ್ಳುತ್ತದೆ. ಭೀಮಸೇನ ಜೋಶಿಯವರ ಹಿಂದಿನ ತಂಬೂರಿಯ ಜವಾರಿ ಎಳೆ ಎಳೆಯಾಗಿ ಕೇಳಿದರೆ ಟ್ವೀಟರ್ ಚೆನ್ನಾಗಿದೆ. ಅದು ಬರಿಯ ಝೇಂಕಾರದ ಮುದ್ದೆಯಾದರೆ ಇಲ್ಲ. ಕರಾವಳಿಯವರು ಯಕ್ಷಗಾನದ ಚೆಂಡೆ ಹಾಕಿ ನೋಡಬಹುದು: ಪೆಟ್ಟು ಪೆಟ್ಟಾಗಿ ಬಿಡಿಯಾಗಿರಬೇಕು, ಕಿವಿ ಇರಿಯಬಾರದು. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಮಾಡಿದ ಹಾಡುಗಳಲ್ಲಿ ಬೇಸ್ ಗಿಟಾರಿನ ಪ್ರತಿ ಸ್ವರವನ್ನೂ ಬಾಯಲ್ಲಿ ಗುನುಗುವಷ್ಟು ಸ್ಪಷ್ಟವಾಗಿ ಕೇಳಿಸುವ ಚಿಕ್ಕ ಸ್ಪೀಕರ್, ಒಂದೇ ಸ್ವರದಲ್ಲಿ ಧಡಧಡ ಎನ್ನುವ ದೊಡ್ಡ ಸಬ್‌ವೂಫರಿಗಿಂತ ಮೇಲು.

ಸೆಕೆಂಡ್‌ಹ್ಯಾಂಡ್ ಸ್ಪೀಕರ್‌ಗಳಲ್ಲಿ ಲಾಭವಿದೆ, ಏಕೆಂದರೆ ಆಂಪ್ಲಿಫಯರ್ ಇಲ್ಲದ ಡಬ್ಬದಲ್ಲಿ ಹಳತಾಗಿ ಕೆಡುವ ಭಾಗಗಳು ಕಡಿಮೆ. ಮೊದಲು ಕೆಡುವುದು ಕೋನಿನ ಸುತ್ತಲ ಅಂಚು. ಅದು ಫೋಮ್ ಆಗಿದ್ದರೆ ಹತ್ತು ಹದಿನೈದು ವರ್ಷಕ್ಕೆ ಪುಡಿಯಾಗುತ್ತದೆ, ಮಂಗಳೂರಿನಂಥ ತೇವದ ಊರಿನಲ್ಲಿ ಇನ್ನೂ ಬೇಗ. ರಬ್ಬರಿನದು ದಶಕಗಳು ಬಾಳುತ್ತದೆ. ಬೆರಳ ತುದಿಯಿಂದ ಎರಡೂ ಬದಿ ಸಮನಾಗಿ ಮೆಲ್ಲಗೆ ಒತ್ತಿದಾಗ ಕೋನ್ ಕೆರೆಯುವ ಸದ್ದಿಲ್ಲದೆ ಹಿಂದೆ ಹೋಗಬೇಕು. ಗುರುತು ಅಳಿಸಿದ ಹಳೆಯ ಡಬ್ಬದಲ್ಲಿ ಪ್ಲಸ್ ಯಾವುದು, ಮೈನಸ್ ಯಾವುದು ಎಂದು ತಿಳಿಯಲು ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ ಸಾಕು. ಸೆಲ್ಲಿನ ಎರಡು ತುದಿಗಳನ್ನು ಕ್ಷಣ ಮಾತ್ರ ಮುಟ್ಟಿಸಿದಾಗ ವೂಫರ್ ಮುಂದಕ್ಕೆ ಬಂದರೆ, ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಜೋಡಿಯಲ್ಲಿ ಒಂದರ ವೈರು ಅದಲುಬದಲಾಗಿದ್ದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿಯುತ್ತದೆ. ಆಗ ಹಾಡುಗಾರನ ದನಿ ನಡುವೆ ನಿಲ್ಲದೆ ಚೆದುರುತ್ತದೆ, ಬೇಸ್ ಇಲ್ಲವಾಗುತ್ತದೆ. ಹೊಸ ಸ್ಪೀಕರ್ ತಂದು ಸಪ್ಪೆಯಾಗಿದೆ ಎಂದು ಬೇಸರಪಟ್ಟವರೂ ಅಂಗಡಿಗೆ ಮರಳುವ ಮುನ್ನ ಹಿಂದೆ ಬಗ್ಗಿ ಕೆಂಪು ವೈರು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿದೆಯೇ ಎಂದು ನೋಡಬಹುದು.